17 ಮೀಟರಿನ ಸಿನಿಮಾ

ಎರಡು-ಮೂರು ಪಾತ್ರ, ಒಂದೇ ಘಟನೆ, ಕಡೆಯಲ್ಲಿ ಬೆಚ್ಚಿಬೀಳಿಸುವ ತಿರುವು: ಕಿರುಚಿತ್ರದ ಲಕ್ಷಣ ಕೇಳಿದರೆ ಹೆಚ್ಚಿನವರು ಹೇಳುವುದು ಇಷ್ಟನ್ನೇ. ಇದರಲ್ಲಿ ಅರ್ಧ ಮಾತ್ರ ನಿಜ. ಚಿಕ್ಕದಾಗಿರಬೇಕೆಂಬ ಕಟ್ಟಳೆ ಹಾಕಿದ್ದು ಫಿಲ್ಮ್ ಸುರುಳಿ. ತಿರುವನ್ನು ಯಾವ ಯಂತ್ರವೂ ಕೇಳಿರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸೋದರರು ಟಿಕೆಟ್ ಇಟ್ಟು ತೋರಿಸಿದ 10 ಚಿತ್ರಗಳೂ ತೀರಾ ಪುಟ್ಟವು. ಅವರ ಕ್ಯಾಮೆರಾ ಹಿಡಿಯುತ್ತಿದ್ದುದು ಸುಮಾರು 17 ಮೀಟರ್ ಫಿಲ್ಮ್. 50 ಸೆಕೆಂಡಿನಷ್ಟರಲ್ಲಿ ಅದು ಖಾಲಿ.

ಆ ಹತ್ತರಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಮಾಲಿ ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಬಂದ ಪೋರ ಪೈಪ್ ಮೆಟ್ಟುತ್ತಾನೆ, ನೀರು ನಿಲ್ಲುತ್ತದೆ, ಮಾಲಿ ಬಗ್ಗಿ ಪೈಪಿನ ಬಾಯಿ ನೋಡುವಾಗ ಪೋರ ಕಾಲೆತ್ತುತ್ತಾನೆ. ಮುಖಕ್ಕೆ ನೀರು ರಾಚುತ್ತದೆ. ಓಡಿದ ಪೋರನನ್ನು ಮಾಲಿ ಹಿಡಿದು, ಕದಲದ ಕ್ಯಾಮೆರಾದ ಎದುರಿಗೇ ಎಳೆತಂದು ಬಾರಿಸುತ್ತಾನೆ. ತಿರುವಿನ ಕಿರುಚಿತ್ರ ಇಲ್ಲೇ ಇದೆ. ಇನ್ನೊಂದರಲ್ಲಿ ತಂದೆ-ತಾಯಿ ಮಗುವಿಗೆ ಉಣಿಸುತ್ತಾರೆ, ಅಷ್ಟೇ. ಹಿಂದೆ ಗಾಳಿಗೆ ಎಲೆಗಳು ಅಲ್ಲಾಡುತ್ತವೆ; ಅಂದಿನ ಪ್ರೇಕ್ಷಕರನ್ನು ಬೆರಗುಗೊಳಿಸಿದ್ದು ಆ ಎಲೆಗಳು. ಅದೇ 17 ಮೀಟರು, ಆದರೆ ನೋಡುತ್ತ ನಿಲ್ಲುವುದೇ ಇಲ್ಲಿ ಕಥನ.

ಮೊದಲನೆಯದೇ ಮಾದರಿಯಾಗಲು ಕಾರಣ ವ್ಯಾಪಾರವೆಂದು ನನಗನಿಸುತ್ತದೆ. 1000 ಅಡಿಯ ರೀಲು ಬಂದಾಗ ಮೂಕಿಚಿತ್ರಕ್ಕೆ ಸುಮಾರು ಕಾಲು ಗಂಟೆ ದಕ್ಕಿತು. 1914ರಲ್ಲಿ ಚಾಪ್ಲಿನ್ ಕೀಸ್ಟೋನ್ ಕಂಪನಿಗೆ ನಟಿಸಿದ ನಗೆಚಿತ್ರಗಳು ಹೆಚ್ಚಾಗಿ ಒಂದೆರಡು ರೀಲಿನವು. ಅಷ್ಟರಲ್ಲಿ ದೀರ್ಘ ಕಥಾಚಿತ್ರ ಬೇರೂರುತ್ತಿತ್ತು. ಕಿರುಚಿತ್ರ ಕ್ರಮೇಣ ಅದಕ್ಕೆ ಮುನ್ನ ಬರುವ ತಿನಿಸಾಗಿ, ಬೇಗ ನಗಿಸಬೇಕಾದ ಸರಕಾಯಿತು.

ತಿರುವಿಲ್ಲದಿದ್ದರೆ ಜನ ಕೂರುವುದಿಲ್ಲ ಎಂಬ ಆಕ್ಷೇಪವಿದೆ. ಉತ್ತರಕ್ಕೆ ಎಸ್.ಎನ್.ಎಸ್. ಶಾಸ್ತ್ರಿಯವರ 1967ರ 'ಐ ಆ್ಯಮ್ 20' ಸಾಕೆನಿಸಬಹುದು: ಸ್ವಾತಂತ್ರ್ಯದ ವರ್ಷ ಹುಟ್ಟಿದ ಯುವಕ-ಯುವತಿಯರ ಮಾತು, ಒಂದಕ್ಕೊಂದು ತಾಗುವ ಹಾಗೆ ಜೋಡಿಸಿದ್ದು. ಆದರೆ ಅದನ್ನು ತಯಾರಿಸಿದ್ದು ಫಿಲ್ಮ್ಸ್ ಡಿವಿಷನ್. 1948ರಲ್ಲಿ ಶುರುವಾದ ಆ ಸಂಸ್ಥೆಯ ಚಿತ್ರಗಳನ್ನು ಟಾಕೀಸುಗಳು ಕಡ್ಡಾಯವಾಗಿ ತೋರಿಸಬೇಕಿತ್ತು. ಹಾಗಾಗಿ ಜನ ಕೂತರು ಎಂಬುದನ್ನೇ ಪುರಾವೆಯಾಗಿ ಒಡ್ಡಲಾಗದು. ಇದಕ್ಕಿಂತ ಗಟ್ಟಿ ಸಾಕ್ಷಿ, ಯಾವ ಕಡ್ಡಾಯವೂ ಇಲ್ಲದೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ, ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಚಿತ್ರ. ಮುದುಕಿ ಹುಂಜ ಕದ್ದಳು, ಊರಿಗೆ ಬೆಳಗಾಗಲಿಲ್ಲ ಎಂಬ ಜನಪದ ಕಥೆ ಅದಕ್ಕೆ ಆಧಾರ. ಅಚ್ಚರಿಯನ್ನು ಕಡೆಗೆ ಬಚ್ಚಿಡುವ ಬದಲು ಅದು ಆ ಅಚ್ಚರಿಯಿಂದಲೇ ಹೊರಟು, ಉಳಿದ ಹೊತ್ತನ್ನೆಲ್ಲ ಆ ಕತ್ತಲಿಗೆ ಕೊಡುತ್ತದೆ.