ಬಣ್ಣದ ನಕ್ಷೆಯಲ್ಲಿ ನಮ್ಮೂರು



ಗೋಡೆಯ ಮೇಲೆ ನಕ್ಷೆಯೊಂದು ಕಂಡರೆ ನೀವು ಮೊದಲು ಏನನ್ನು ಹುಡುಕುತ್ತೀರಿ? ನಿಮ್ಮೂರನ್ನೇ ಅಲ್ಲವೇ? ಊರು ಸಿಕ್ಕಿದರೆ ಮುಖ ಅರಳುತ್ತದೆ, ಸಿಗದಿದ್ದರೆ ನಕ್ಷೆಯೇ ತಪ್ಪು ಎನಿಸುತ್ತದೆ. ಹಾಗಾದರೆ ಊರುಗಳು ನಕ್ಷೆಗೆ ಬಂದದ್ದು ಹೇಗೆ? ಅಚ್ಚಿನ ಯಂತ್ರ ಬಣ್ಣ ಕಲಿಯುವ ಮೊದಲು ಅವುಗಳಿಗೆ ಬಣ್ಣ ತುಂಬಿದವರು ಯಾರು?

ಮೊದಲು ಎರಡು ಪದಗಳನ್ನು ನೋಡೋಣ. ‘ನಕ್ಷೆ’ಯ ಮೂಲ ಅರಬ್ಬಿಯ ‘ನಕ್ಶ್’. ಅಂದರೆ ಕೆತ್ತನೆ, ಚಿತ್ತಾರ. ‘ನಕಲು’ ಸಹ ಅರಬ್ಬಿಯದೇ. ‘ನಕ್ಲ್’ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಪರೀಕ್ಷೆಯಲ್ಲಿ ನಕಲು ಅಪರಾಧ, ನಿಜ. ಆದರೆ ನಕ್ಷೆಗಳ ಇತಿಹಾಸದಲ್ಲಿ ನಕಲು ಮಾಡಿದವರೇ ಜ್ಞಾನವನ್ನು ಉಳಿಸಿದವರು.

ಕ್ರಿ.ಶ. 2ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ‘ಪೌನ್ನಾಟ’ ಎಂಬ ಸ್ಥಳವನ್ನು ಹೆಸರಿಸಿ, ಅಲ್ಲಿ ಬೆರಿಲ್ ಎಂಬ ರತ್ನ ದೊರೆಯುತ್ತದೆಂದು ಬರೆದಿದ್ದಾನೆ. ಅದು ನಮ್ಮ ಪುನ್ನಾಟ ರಾಜ್ಯವೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ, ಕಬಿನಿ ದಡದ ಕಿತ್ತೂರು. ಟಾಲೆಮಿಯ ಕೈಯ ನಕ್ಷೆಗಳು ಇಂದು ಇಲ್ಲ. ಆದರೆ ಅವನ ಗ್ರಂಥವನ್ನು ಜನ ನಕಲು ಮಾಡುತ್ತಲೇ ಬಂದರು. ಬಾಗ್ದಾದಿನ ಅಲ್-ಖ್ವಾರಿಜ್ಮಿ 9ನೇ ಶತಮಾನದಲ್ಲಿ ಅದನ್ನು ತಿದ್ದಿ ತನ್ನ ಭೂಗೋಳ ಗ್ರಂಥ ರಚಿಸಿದ. 1482ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಟಾಲೆಮಿಯ ನಕ್ಷೆಗಳನ್ನು ಮರದ ಅಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ಹಚ್ಚಿದರು.

ಅಲ್-ಇದ್ರೀಸಿಯ ಕಥೆಯೂ ಇಂಥದ್ದೇ. ಸಿಸಿಲಿಯ ದೊರೆ ಎರಡನೇ ರೋಜರನಿಗಾಗಿ 1154ರಲ್ಲಿ ಅವನು ಮುಗಿಸಿದ ಭೂಗೋಳ ಗ್ರಂಥದ ಜೊತೆಗೆ ಬೆಳ್ಳಿಯ ತಟ್ಟೆಯ ಮೇಲೆ ಕೆತ್ತಿದ ಲೋಕನಕ್ಷೆಯೂ ಇತ್ತು. ಬೆಳ್ಳಿ ನಾಶವಾಯಿತು. ಉಳಿದದ್ದು ಕಾಗದ! ಹೆಸರು ತಿಳಿಯದ ನಕಲುಗಾರರು ಬಣ್ಣ ತುಂಬಿ ಬರೆದ ಪ್ರತಿಗಳು ಪ್ಯಾರಿಸ್, ಆಕ್ಸ್‌ಫರ್ಡ್ ಗ್ರಂಥಾಲಯಗಳಲ್ಲಿ ಇಂದಿಗೂ ಇವೆ.

ಇಂಗ್ಲೆಂಡಿನಲ್ಲಿ ನಮ್ಮ ಜಿಲ್ಲೆಗಳಂಥ ವಿಭಾಗಗಳಿಗೆ ‘ಕೌಂಟಿ’ ಎನ್ನುತ್ತಾರೆ. ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ 1579ರಲ್ಲಿ, ಜಾನ್ ಸ್ಪೀಡ್ 1611–12ರಲ್ಲಿ ಕೌಂಟಿ ನಕ್ಷೆಗಳ ಸಂಪುಟಗಳನ್ನು ಹೊರತಂದರು. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೊರೆದು, ಗೀರುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಒತ್ತಿ ಅಚ್ಚು ತೆಗೆಯುತ್ತಿದ್ದರು. ಅಚ್ಚು ಬರೀ ಕಪ್ಪು. ಗಡಿಗೆ ಗುಲಾಬಿ, ಕಾಡಿಗೆ ಹಸಿರು, ಕಡಲಿಗೆ ನೀಲಿ, ಇವೆಲ್ಲ ಕುಂಚದ ಕೆಲಸ. ಅಂಟು ಬೆರೆಸಿದ ಬಣ್ಣ ತೆಳ್ಳಗಿರಬೇಕು, ಕೆಳಗಿನ ಹೆಸರು ಓದಲು ಸಿಗಬೇಕು ಎಂಬುದೇ ಮುಖ್ಯ ನಿಯಮ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಲಕ್ರಮೇಣ ಕಂದಾಗಿ ಕಾಗದವನ್ನೇ ತಿಂದುಹಾಕುತ್ತಿತ್ತು. ಹಡಗು, ಮೀನು, ರಾಜಮುದ್ರೆಗಳಿಂದ ಸಿಂಗರಿಸಿದ ಆ ನಕ್ಷೆಗಳ ಪ್ರತಿಗಳಿಗೆ ಇಂದಿಗೂ ಕೈಯಿಂದ ಬಣ್ಣ ಹಚ್ಚಿ, ಮನೆಯ ಗೋಡೆಗಾಗಿ ಮಾರುವವರಿದ್ದಾರೆ.

ಇನ್ನು ನಮ್ಮ ಸೀಮೆಗೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದರು. ಅವರ ರಾಜ್ಯವನ್ನು ಹಂಚಿಕೊಂಡವರಿಗೆ ಗಡಿ ಎಲ್ಲಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಆಗ ಮೈಸೂರು ಸರ್ವೆಯ ಹೊಣೆ ಹೊತ್ತವನು ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಜಿ. ಸುಮಾರು ಹತ್ತು ವರ್ಷಗಳಲ್ಲಿ ಸುಮಾರು 40,000 ಚದರ ಮೈಲಿ ಅಳೆಯಲಾಯಿತು. ಊರು, ಕೆರೆ, ಕೋಟೆ, ಮನೆಗಳ ಲೆಕ್ಕ ಬರೆಯಲಾಯಿತು. ನಕ್ಷೆಗಳನ್ನು ಕೈಯಿಂದಲೇ ಬರೆದು ಬಣ್ಣ ತುಂಬಿದರು. ಸರ್ಕಾರಿ ಕಚೇರಿಗಳಿಗೂ ಲಂಡನ್ನಿಗೂ ಪ್ರತಿ ಬೇಕಾದಾಗ ನಕಲುಗಾರರು ಮತ್ತೆ ಮೊದಲಿನಿಂದ ಬರೆಯಬೇಕಿತ್ತು. ಈ ಕೆಲಸದಲ್ಲಿ ನೆರವಾದವರಲ್ಲಿ ಮದರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರಿದ್ದರು. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಆತನ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರೇ ಅವನ ಕಣ್ಣು, ಕಿವಿ, ನಾಲಿಗೆ. ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಒಂದು ಮಾತನ್ನು ಮರೆಯಬಾರದು. ಆ ಬಣ್ಣ ನಮ್ಮನ್ನು ಸಂತೋಷಪಡಿಸಲು ಹಚ್ಚಿದ್ದಲ್ಲ. ಗೆದ್ದವರಿಗೆ ಆಳಲು, ಕಂದಾಯ ಎತ್ತಲು, ಸೈನ್ಯ ನಡೆಸಲು ನಕ್ಷೆ ಬೇಕಿತ್ತು. ಆದರೂ ಯಾರೋ ಹಳ್ಳಿಗನು ಬಾಯಲ್ಲಿ ಹೇಳಿದ ಊರಿನ ಹೆಸರು ಅದರಲ್ಲಿ ಉಳಿಯಿತು.

ಇದರ ಬೆಲೆ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ 19.52 ಟಿ.ಎಂ.ಸಿ. ಆ ನೀರು ಅನೇಕ ಹೊಲಗಳನ್ನು ಹಸಿರಾಗಿಸಿತು, ಅನೇಕ ಹಳ್ಳಿಗಳನ್ನು ಮುಳುಗಿಸಿತು. ಕೆಲವು ವರ್ಷಗಳ ಹಿಂದೆ ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ತಾಲ್ಲೂಕಿನ ನಕ್ಷೆ ಬರೆದು, ಜಲಾಶಯಕ್ಕೆ ದಟ್ಟ ನೀಲಿ ಬಳಿದಿದ್ದರು. ನೋಡಲು ಬಂದ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಬಹಳ ಹೊತ್ತು ನಿಂತು, ನೀಲಿಯ ಮೇಲೆ ಬೆರಳಿಟ್ಟು ಕೇಳಿದರು: “ನಮ್ಮೂರು ಇಲ್ಲೇ ಇರ್ಬೇಕಿತ್ತು. ಎಲ್ಲವ್ವಾ ಅದು?” ಹುಡುಗಿ ನನ್ನ ಮುಖ ನೋಡಿದಳು. ನನ್ನ ಬಳಿಯೂ ಉತ್ತರವಿರಲಿಲ್ಲ.

ಮರುವರ್ಷ ಜಲಾಶಯಕ್ಕೆ ಮೊದಲಿನ ನಕ್ಷೆಯೊಂದನ್ನು ಹುಡುಕಿ ತಂದೆವು. ಮಕ್ಕಳು ಅದರ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಹಳೆಯ ಹೊಳೆ, ದಾರಿ, ಊರುಗಳನ್ನು ತೆಗೆದುಕೊಂಡರು. ಊರಿನ ಹೆಸರುಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದರು. ಕೊನೆಗೆ ನೀರಿನ ಜಾಗಕ್ಕೆ ನೀಲಿ ಹಚ್ಚಿದರು, ಆದರೆ ಈ ಬಾರಿ ತೆಳ್ಳಗೆ, ಕೆಳಗಿನ ಹೆಸರು ಕಾಣುವಂತೆ. ಅಜ್ಜಿ ಮತ್ತೆ ಬಂದರು. ಅವರಿಗೆ ಓದು ಬಾರದು. ಮೊಮ್ಮಗಳು ಒಂದೊಂದೇ ಹೆಸರು ಓದಿದಳು. ತಮ್ಮೂರಿನ ಹೆಸರು ಬಂದಾಗ ಅಜ್ಜಿ “ಹ್ಞೂಂ” ಎಂದರು, ಅಷ್ಟೇ. ಆಮೇಲೆ ನಕ್ಷೆಯಲ್ಲಿಲ್ಲದ ಒಂದು ಬಾವಿ, ಒಂದು ಹುಣಸೆಮರ ಎಲ್ಲಿದ್ದವೆಂದು ತೋರಿಸಿದರು. ಮಕ್ಕಳು ಅವನ್ನೂ ಸೇರಿಸಿದರು.

ಓದುಗ ಮಿತ್ರರೇ, ನಿಮ್ಮ ಗ್ರಾಮನಕ್ಷೆಯ ಪ್ರತಿಯನ್ನು ಭೂದಾಖಲೆಗಳ ಇಲಾಖೆಯಿಂದ ಪಡೆಯಬಹುದು. ಒಂದು ರಜಾದಿನ ಅದನ್ನು ಮಕ್ಕಳ ಮುಂದೆ ಹರಡಿ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿ. ಕೆರೆ, ದಾರಿ, ದರ್ಗಾ, ಗುಡಿ, ಮಾವಿನತೋಪು, ಒಂದೊಂದನ್ನೂ ಕೇಳಿ ಬರೆಸಿ, ಬಣ್ಣ ಹಚ್ಚಿಸಿ. ಬಣ್ಣ ಮಾತ್ರ ತೆಳ್ಳಗಿರಲಿ.