ಗುಡಿಗೆರೆಯ ಶಾಸನ, ಹೊಲದ ಒಡ್ಡು ಮತ್ತು ಬೆಣ್ಣಿಹಳ್ಳದ ನೆರೆ

ಕುಂದಗೋಳ ತಾಲ್ಲೂಕಿನ ಗುಡಗೇರಿಯ ಹೆಸರು ಶಾಸನದಲ್ಲಿ ‘ಗುಡಿಗೆರೆ’ ಎಂದಿದೆ. ಊರಿನ ಹೆಸರೊಳಗೇ ಕೆರೆ ಕೂತಿದೆ ನೋಡಿ.

ಶಕ ವರ್ಷ 998ರ (ಕ್ರಿ.ಶ. 1076–77) ಇಲ್ಲಿಯ ಜೈನ ಶಾಸನವನ್ನು ಫ್ಲೀಟ್ ಅವರು ‘ಇಂಡಿಯನ್ ಆಂಟಿಕ್ವರಿ’ಯ 18ನೇ ಸಂಪುಟದಲ್ಲಿ ಪ್ರಕಟಿಸಿದರು. ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುರಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಕಟ್ಟಿಸಿದ್ದ ಆನೆಸೆಜ್ಜೆಯ ಬಸದಿಗೆ ಗುಡಿಗೆರೆಯಲ್ಲಿ ಹೊಲಗಳಿದ್ದವು. ಅವು ಆಚಾರ್ಯ ಶ್ರೀನಂದಿ ಪಂಡಿತರ ವಶಕ್ಕೆ ಬಂದ ಸಂಗತಿಯನ್ನು ಶಾಸನ ಹೇಳುತ್ತದೆ. ನಾವು ಅದರಲ್ಲಿ ಬಸದಿ, ಅರಸು, ಗುರುಪರಂಪರೆ ಹುಡುಕುತ್ತೇವೆ. ಆದರೆ ಅದು ಹೊಲದ ದಾಖಲೆಯೂ ಹೌದು.

ಈ ನಾಡಿನ ದಾನಶಾಸನಗಳು ಹೊಲವನ್ನು ಮತ್ತರಿನಲ್ಲಿ ಅಳೆದು, ಹಳ್ಳ, ಕೆರೆ, ದಾರಿ, ನಟ್ಟ ಕಲ್ಲುಗಳಿಂದ ಎಲ್ಲೆ ಗುರುತಿಸುತ್ತವೆ. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟ ಭೂಮಿಗೆ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರುಗಳಿವೆ. ಹೂಳೆತ್ತುವ, ಏರಿ ಬಲಪಡಿಸುವ ಕೆಲಸಕ್ಕೆ ಹೊಲದ ಆದಾಯವೇ ಆಸರೆ. ನೀರು ನಿಲ್ಲಿಸುವುದು ಪುಣ್ಯದ ಮಾತಷ್ಟೇ ಆಗಿರಲಿಲ್ಲ, ಅದಕ್ಕೊಂದು ಲೆಕ್ಕವೂ ಇತ್ತು.

ಆ ಲೆಕ್ಕ ಇವತ್ತೂ ಬೇಕು. ಇದೇ ತಾಲ್ಲೂಕಿನಲ್ಲಿ ಹರಿದು, ನವಲಗುಂದ ಸೀಮೆ ದಾಟಿ ಮಲಪ್ರಭೆ ಸೇರುವ ಬೆಣ್ಣಿಹಳ್ಳ ಬೇಸಿಗೆಯಲ್ಲಿ ಬಡಕಲು. ಮಳೆಗಾಲದಲ್ಲಿ ಹೊಲಗಳನ್ನೇ ನುಂಗುತ್ತದೆ. 2019ರ ಆಗಸ್ಟಿನ ನೆರೆ ಇನ್ನೂ ನೆನಪಿದೆ. ಎರಿ ನೆಲದ ಗುಣ ರೈತರಿಗೆ ಗೊತ್ತು: ಒಣಗಿ ಬಿರುಕುಬಿಟ್ಟಾಗ ನೀರು ಒಳಗಿಳಿಯುತ್ತದೆ, ನೆನೆದು ಉಬ್ಬಿದ ಮೇಲೆ ಬಿರುಕು ಮುಚ್ಚಿ, ಮಳೆನೀರು ಮೇಲ್ಮೈಯಲ್ಲೇ ಹಳ್ಳದ ಕಡೆ ಓಡುತ್ತದೆ.

ಓಡುವ ನೀರನ್ನು ನಡೆಸುವುದೇ ಒಡ್ಡಿನ ಕೆಲಸ. ಇಳಿಜಾರಿಗೆ ಅಡ್ಡವಾದ ಬದು, ಹೊಲದೊಳಗಿನ ಚೌಕುಮಡಿ, ಮೂಲೆಯಲ್ಲೊಂದು ಕೃಷಿಹೊಂಡ, ಹೆಚ್ಚಾದ ನೀರಿಗೆ ಕಲ್ಲಿನ ಕೋಡಿ. ಒಂದು ಎಕರೆಯಲ್ಲಿ ಒಂದು ಇಂಚು ನೀರು ತಡೆದರೆ ಸುಮಾರು ಒಂದು ಲಕ್ಷ ಲೀಟರ್! ಮಹಾಮಳೆಯನ್ನು ಒಡ್ಡು ಪೂರಾ ತಡೆಯುವುದಿಲ್ಲ, ನಿಜ. ಆದರೆ ಎಲ್ಲ ಹೊಲದ ನೀರೂ ಒಂದೇ ಹೊತ್ತಿಗೆ ಹಳ್ಳಕ್ಕೆ ಬೀಳದಂತೆ ಮಾಡುತ್ತದೆ, ಮೇಲ್ಮಣ್ಣನ್ನೂ ಉಳಿಸುತ್ತದೆ.

ತೊಂದರೆ ಏನೆಂದರೆ, ಮೇಲಿನ ರೈತ ಒಡ್ಡು ಹಾಕಿದರೆ ಲಾಭದ ಪಾಲು ಕೆಳಗಿನ ಊರಿಗೆ. ಖರ್ಚು ಮಾತ್ರ ಅವನದು. ಕೊಡಗೆ ಬಿಟ್ಟವರಿಗೆ ಈ ಮಾತು ತಿಳಿದಿತ್ತು: ಎಲ್ಲರಿಗಾಗಿ ನೀರು ಕಾಯುವವನ ಹೊಟ್ಟೆಪಾಡನ್ನು ಊರು ನೋಡಿಕೊಳ್ಳಬೇಕು.

ಮುಂದಿನ ಸಲ ಶಾಸನ ನೋಡಲು ಹೊಲಕ್ಕೆ ಇಳಿದಾಗ ಕಲ್ಲಿನ ಫೋಟೋ ಜೊತೆಗೆ ಅದು ನಿಂತ ಬದು, ಕೆರೆ ಏರಿ, ಕೋಡಿಗಳನ್ನೂ ಬರೆದಿಟ್ಟುಕೊಳ್ಳಿ. ಒಡ್ಡು ಒಡೆದು ಹೊಲ ಸಾಪಾಟು ಮಾಡಿದ ದಿನ, ಎಲ್ಲೆಗಲ್ಲೂ ಹೋಗುತ್ತದೆ, ನೀರಿನ ತಡೆಯೂ ಹೋಗುತ್ತದೆ.