ಒಂದು ಕಿಂಡಿಯ ಚರಿತ್ರೆ

ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಶಾಸನ ಇವುಗಳ ಕಥೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ನಿತ್ಯ ಬಳಕೆಯ ಸಣ್ಣ ವಸ್ತುಗಳಿಗೂ ಒಂದು ಚರಿತ್ರೆಯುಂಟು. ಬಡವನ ಜೇಬಿಗೆ ಹತ್ತಿರವಾದದ್ದು ಹೆಚ್ಚಾಗಿ ಅದೇ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ಕನ್ನಡಿಗರಿಗೆ, ಒಂದು ಕಿಂಡಿಗೂ ಮಹತ್ವವಿರಬಹುದೆಂದು ಬೇರೆ ಹೇಳಬೇಕಾಗಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ತೀರ ಲೌಕಿಕವಾದ ಇನ್ನೊಂದು ಕಿಂಡಿಯ ವಿಷಯ: ಕಾರು, ಲಾರಿಗಳಲ್ಲಿ ಚಾಲಕನ ಮುಂದೆ ರೇಡಿಯೋ ಕೂರಿಸುವುದಕ್ಕೆಂದು ಬಿಟ್ಟಿರುವ ಕಿಂಡಿ.

ನನ್ನ ಸೋದರಮಾವನ ಮಗನ ಬಳಿ ಒಂದು ಹಳೆಯ ಲಾರಿ ಇದೆ. ತೆಂಗಿನಕಾಯಿ ಹೇರಿಕೊಂಡು ರಾತ್ರಿಯೆಲ್ಲ ಓಡುವ ಗಾಡಿ. ಅದರ ಕ್ಯಾಸೆಟ್ ಪೆಟ್ಟಿಗೆ ಕೆಟ್ಟುಹೋಯಿತು. ನಿದ್ದೆಯನ್ನು ದೂರವಿಡಲು ಹಾಡು ಬೇಕು. ಖರ್ಚು ಮಾತ್ರ ಹೆಚ್ಚಬಾರದು. ಪೇಟೆಯಲ್ಲಿ ಅಗ್ಗದ ಒಂದು ಹೊಸ ಪೆಟ್ಟಿಗೆಯನ್ನು ನೋಡಿ ಬಂದವನು ನನ್ನನ್ನು ಕೇಳಿದ: “ಭಾವ, ಇಷ್ಟು ಹಳೆಯ ಲಾರಿಗೆ ನಿನ್ನೆ ಮೊನ್ನೆ ತಯಾರಾದ ಪೆಟ್ಟಿಗೆ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂರುತ್ತದಲ್ಲ, ಅದು ಹೇಗೆ?”

ಪ್ರಶ್ನೆ ಚಿಕ್ಕದು, ಆದರೆ ಉತ್ತರಕ್ಕಾಗಿ ನಾವು ಅಮೆರಿಕದ ಷಿಕಾಗೋ ನಗರದವರೆಗೆ ಹೋಗಬೇಕಾಗುತ್ತದೆ. ಅಲ್ಲಿ ಪಾಲ್ ಗ್ಯಾಲ್ವಿನ್ ಎಂಬಾತ 1928ರಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದಿದ್ದ. ಮರುವರ್ಷವೇ ಮಹಾ ಆರ್ಥಿಕ ಕುಸಿತ. ಬದುಕಿ ಉಳಿಯಲು ಹೊಸ ಸರಕು ಬೇಕಾಗಿತ್ತು. ಕಾರಿನಲ್ಲಿ ಕೂರಿಸಬಹುದಾದ ರೇಡಿಯೋವನ್ನು ಸಿದ್ಧಪಡಿಸಿ, 1930ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಆತ ಕಾರಿನಲ್ಲೇ ಹೋದ. ಒಳಗೆ ಮಳಿಗೆ ಹಿಡಿಯುವಷ್ಟು ಹಣವಿರಲಿಲ್ಲ. ಹೊರಗೇ ಕಾರು ನಿಲ್ಲಿಸಿ ರೇಡಿಯೋವನ್ನು ಗಟ್ಟಿಯಾಗಿ ಹಾಡಿಸಿದ. ಆ ರೇಡಿಯೋಗೆ ಇಟ್ಟ ಹೆಸರೇ ಮೋಟೊರೋಲಾ.

ಅದು ಬಡವರ ವಸ್ತುವಾಗಿರಲಿಲ್ಲ. ಫೋರ್ಡ್ ಕಂಪನಿಯ ಸಾಧಾರಣ ಕಾರಿಗೆ ಸುಮಾರು 500 ಡಾಲರ್ ಇದ್ದ ಕಾಲದಲ್ಲಿ ಈ ರೇಡಿಯೋ ಒಂದಕ್ಕೇ 100 ಡಾಲರಿಗಿಂತ ಹೆಚ್ಚು. ಅದನ್ನು ಕೂರಿಸುವ ಕಷ್ಟವೂ ಕಡಮೆಯದಲ್ಲ. ಪ್ರತ್ಯೇಕ ಬ್ಯಾಟರಿಗಳಿಗೆ ಜಾಗ ಮಾಡಬೇಕು. ಏರಿಯಲ್ ತಂತಿಗೆ ದಾರಿ ಮಾಡಬೇಕು. ಎಂಜಿನ್ನಿನ ಕಿಡಿ ಎಬ್ಬಿಸುವ ಕರಕರ ಶಬ್ದವನ್ನು ಅಡಗಿಸಬೇಕು. ಗಾಡಿಯನ್ನು ಅರ್ಧ ಬಿಚ್ಚಿ ಕಟ್ಟುವ ಕೆಲಸವೇ ಸರಿ! ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ, ಅಮೆರಿಕದ ಹೆದ್ದಾರಿಗಳಲ್ಲಿ ಬಾನುಲಿ ಆಗಲೇ ಗಾಲಿಗಳ ಮೇಲೆ ಓಡಾಡುತ್ತಿತ್ತು.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಿಬಿಡಬಹುದು. 1955ರಲ್ಲಿ ಫಿಲ್ಕೋ ಕಂಪನಿ ಕ್ರೈಸ್ಲರ್ ಕಾರುಗಳಿಗಾಗಿ ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೋ ಮಾಡಿತು. ಕಾದು ಬಿಸಿಯಾಗುವ ವಾಲ್ವುಗಳ ಕಾಟ ತಪ್ಪಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದಿತು. ಕೇಳುವವನು ತನಗೆ ಬೇಕಾದ ಹಾಡನ್ನು ಬೇಕಾದಾಗ ಹಾಕಿಕೊಳ್ಳುವ ಸ್ವಾತಂತ್ರ್ಯ ಅದರಿಂದ ಬಂತು.

ಆದರೂ ಒಂದು ತೊಡಕು ಉಳಿದಿತ್ತು. ಎರಡು ಗುಂಡಿಗಳು, ನಡುವೆ ಅಂಕಿಗಳ ಪಟ್ಟಿ: ಆಗಿನ ರೇಡಿಯೋದ ಮುಖ ಹೀಗಿರುತ್ತಿತ್ತು. ಆ ಗುಂಡಿಗಳ ನಡುವಣ ಅಂತರ ಗಾಡಿಯಿಂದ ಗಾಡಿಗೆ ಬೇರೆ. ಒಂದರ ರೇಡಿಯೋ ಇನ್ನೊಂದಕ್ಕೆ ಹೊಂದದು. ಹೊಂದಿಸಹೋದರೆ ತಗಡನ್ನೇ ಕತ್ತರಿಸಬೇಕು. ಇದಕ್ಕೆ ಪರಿಹಾರ ಸೂಚಿಸಿದ್ದು ಜರ್ಮನಿಯ ಮಾನಕ. ಪೆಟ್ಟಿಗೆಯ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರವಿರಲಿ ಎಂದು ಅಲ್ಲಿ ಗೊತ್ತುಮಾಡಿದರು. 1984ರಲ್ಲಿ ಅದೇ ಅಂತರರಾಷ್ಟ್ರೀಯ ಅಳತೆಯಾಯಿತು. ಇಂದಿಗೂ ಅಂಗಡಿಯವರ ಬಾಯಲ್ಲಿರುವ ‘ಡಿನ್’ ಎಂಬ ಮಾತು ಆ ಜರ್ಮನ್ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಗ್ಯಾಲ್ವಿನ್ನನ ಸಾಹಸ ದೊಡ್ಡದು, ನಿಜ. ಆದರೆ ಹಳೆಯ ಗಾಡಿಯ ಮಾಲೀಕನಿಗೆ ಹೆಚ್ಚು ಉಪಕಾರ ಮಾಡಿದ್ದು ಈ ಒಪ್ಪಂದವೆಂದೇ ನನಗೆ ತೋರುತ್ತದೆ. ಕಿಂಡಿಯ ಅಳತೆ ಎಲ್ಲರದೂ ಒಂದೇ ಆದಾಗ ಪೆಟ್ಟಿಗೆಯನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ಮಾರುವವರು ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ.

ಆದರೆ ಕಿಂಡಿ ಒಂದಾದ ಮಾತ್ರಕ್ಕೆ ವಿದ್ಯುತ್ತು ಒಂದಾಗಲಿಲ್ಲ. ಕಾರಿನದು 12 ವೋಲ್ಟ್. ನಮ್ಮ ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಸೋದರಮಾವನ ಮಗನಿಗೆ ಪೆಟ್ಟಿಗೆ ಹಾಕಿಕೊಟ್ಟವನು ದುಡ್ಡು ಉಳಿಸುವ ಭರದಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆದುಬಿಟ್ಟ. ಹಾಡೇನೋ ಬಂತು. ಆದರೆ ದುಡಿಯುವ ಬ್ಯಾಟರಿ ಸೊರಗುತ್ತದೆ, ದುಡಿಯದ ಬ್ಯಾಟರಿಗೆ ಅಳತೆ ಮೀರಿ ವಿದ್ಯುತ್ತು ತುಂಬುತ್ತದೆ. ಕೊನೆಗೆ ಎರಡೂ ಅಕಾಲದಲ್ಲಿ ಸಾಯುತ್ತವೆ. ಅವನಿಗೆ ಆದದ್ದೂ ಅದೇ. 24ನ್ನು 12ಕ್ಕೆ ಇಳಿಸುವ ಒಂದು ಕನ್ವರ್ಟರನ್ನು ಮೊದಲೇ ಹಾಕಿದ್ದರೆ ಅದರ ಬೆಲೆ ಎರಡು ಬ್ಯಾಟರಿಗಳ ಬೆಲೆಯ ಮುಂದೆ ಏನೇನೂ ಅಲ್ಲ. ಮಿತವ್ಯಯವೇ ಬೇರೆ, ಜಿಪುಣತನವೇ ಬೇರೆ.

ಇಂದಿನ ಅನೇಕ ಹೊಸ ಗಾಡಿಗಳಲ್ಲಿ ಈ ಕಿಂಡಿಯೇ ಇಲ್ಲ. ಅದರ ಜಾಗದಲ್ಲಿ ದೊಡ್ಡ ಪರದೆಯೊಂದು ಬಂದಿದೆ. ಹಾಡು, ದಾರಿಯ ನಕ್ಷೆ, ಹಿಂಬದಿಯ ಕ್ಯಾಮೆರಾ, ಕೆಲವು ಕಡೆ ತಂಪು ಗಾಳಿಯ ಹತೋಟಿ, ಎಲ್ಲವೂ ಅದರಲ್ಲೇ. ನೋಡಲು ಸೊಗಸು, ಅನುಕೂಲವೂ ಹೌದು. ಆದರೆ ಒಂದು ಕೆಟ್ಟರೆ ಎಲ್ಲಕ್ಕೂ ತಯಾರಕನ ಬಾಗಿಲಿಗೇ ಹೋಗಬೇಕು. ಆತ ಹೇಳಿದ್ದೇ ಬೆಲೆ. ಎಷ್ಟೋ ಕಂಪನಿಗಳು ತಮ್ಮತಮ್ಮ ಹಟವನ್ನು ಬಿಟ್ಟು ಒಪ್ಪಿಕೊಂಡಿದ್ದ ಅಳತೆಯೊಂದು ಹೀಗೆ ಸದ್ದಿಲ್ಲದೆ ಮರೆಯಾಗುತ್ತಿದೆ. ಹಳೆಯದನ್ನು ರಿಪೇರಿ ಮಾಡಿಕೊಂಡು ಬಾಳುವವರ ಪಾಲಿಗೆ ಇದು ಸಣ್ಣ ನಷ್ಟವಲ್ಲ.